ಮೆಟ್ನರನ ಪಿಯಾನೊ ಕೃತಿಗಳೂ ಮೈಸೂರಿನ ಆಶ್ರಯವೂ

ಕಾವ್ಯದ ಆದಿಯಲ್ಲಿ ಆಶ್ರಯದಾತನ ಹೆಸರು ಕಂಡೊಡನೆ ಆ ಕಾವ್ಯವು ಅವನ ಪ್ರೇರಣೆಯಿಂದಲೇ ಹುಟ್ಟಿತೆಂದು ಊಹಿಸುವುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಅಪರೂಪವಲ್ಲ. ಈ ಊಹೆ ಎಲ್ಲೆಡೆಯೂ ಸಲ್ಲದೆಂಬುದಕ್ಕೆ ಪಾಶ್ಚಾತ್ಯ ಸಂಗೀತದಿಂದಲೂ ಒಂದು ನಿದರ್ಶನ ದೊರೆಯುತ್ತದೆ. ರಷ್ಯದ ಸಂಗೀತರಚನಕಾರ ನಿಕೊಲಾಯ್ ಮೆಟ್ನರನು ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರಿಗೆ ಅರ್ಪಿಸಿದ್ದಾನೆ. ಆ ಕೃತಿಯ ಉಗಮಕ್ಕೂ ಅರ್ಪಣೆಗೂ ಇರುವ ಸಂಬಂಧವೇನೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೆಟ್ನರನು ಹುಟ್ಟಿದುದು 1880ರಲ್ಲಿ, ಮಾಸ್ಕೋ ನಗರದಲ್ಲಿ. ಹತ್ತೊಂಬತ್ತನೆಯ ಶತಮಾನದ ರಮ್ಯ ಸಂಪ್ರದಾಯವನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಕಾಲದ ಅಭಿರುಚಿಯಾದರೋ ಬೇರೆ ಕಡೆಗೆ ತಿರುಗಿತ್ತು. 1921ರಲ್ಲಿ ಸ್ವದೇಶವನ್ನು ತೊರೆದು, 1930ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದನು. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನವೂ ನಿಂತಿತು. ಇಂತಹ ದುರವಸ್ಥೆಯಲ್ಲಿ, ಹೃದ್ರೋಗದಿಂದ ಬಳಲುತ್ತ, ಅವನು ಕನ್ಚರ್ಟೊವನ್ನು 1943ರ ವೇಳೆಗೆ ಮುಗಿಸಿದನು. 1944ರ ಫೆಬ್ರವರಿಯಲ್ಲಿ ಏಡ್ರಿಯನ್ ಬೋಲ್ಟನ ನಿರ್ದೇಶನದಲ್ಲಿ ಲಂಡನ್ನಿನಲ್ಲಿ ಅದರ ಪ್ರಥಮ ವಾದನ ನಡೆಯಿತು. ಪಿಯಾನೊ ನುಡಿಸಿದವನು ಸ್ವತಃ ಮೆಟ್ನರನೇ.

ಮೈಸೂರಿನ ನೆರವು ಒದಗಿದುದು ಯುದ್ಧ ಮುಗಿದ ಮೇಲೆ. ಎಳವೆಯಿಂದಲೇ ಪಿಯಾನೊ ಅಭ್ಯಾಸ ಮಾಡಿದ್ದ ಒಡೆಯರು 1946ರಲ್ಲಿ ಮೆಟ್ನರನ ಕೃತಿಗಳ ಧ್ವನಿಮುದ್ರಣದ ವೆಚ್ಚವನ್ನು ವಹಿಸಲು ಮುಂದಾದರು. ಹೀಗೆ ಮೆಟ್ನರ್ ಸೊಸೈಟಿ ರೂಪುಗೊಂಡಿತು; 1947ರಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆ ಅವನ ಮೂರು ಕನ್ಚರ್ಟೊಗಳನ್ನೂ ಮುದ್ರಿಸಿಕೊಂಡಿತು. ಆದುದರಿಂದ ಅರ್ಪಣೆಯು ಕೃತಿಯ ಜನ್ಮಪತ್ರಿಕೆಯಲ್ಲ. ಪೂರ್ಣಗೊಂಡ ಕೃತಿಯೊಂದಕ್ಕೆ ತರುವಾಯ ಸೇರಿದ ಕೃತಜ್ಞತಾವಚನ.

ಹಾಗಾದರೆ ಆಶ್ರಯದಿಂದ ಫಲವೇನಾಯಿತು? ಇದಕ್ಕೆ ಅವನ ಪಿಯಾನೊ ಪಂಚಕವನ್ನು ನೋಡಬೇಕು. ಪಿಯಾನೊ, ಎರಡು ಪಿಟೀಲು, ವಿಯೋಲ, ಚೆಲ್ಲೊಗಳಿಗಾಗಿ ರಚಿತವಾದ ಈ ಕೃತಿಯ ಮೊದಲ ಕರಡುಗಳು ಸುಮಾರು 1904ರವು. ಇಪ್ಪತ್ತನಾಲ್ಕರ ಹರೆಯದಲ್ಲಿ ತೊಡಗಿದ್ದನ್ನು ಅವನು ಮುಗಿಸಿದುದು ಎಪ್ಪತ್ತರ ಹೊಸ್ತಿಲಲ್ಲಿ. ಕ್ರೈಸ್ತರ ಪ್ರಾಚೀನ ಮೃತ್ಯುಗೀತದ ಸ್ವರಸರಣಿ ಇದರ ಮೊದಲ ಭಾಗದಲ್ಲಿ ಕೇಳಿಬರುತ್ತದೆ. ಹಿಂದಿನ ಭಾಗಗಳ ವಸ್ತುಗಳು ಅಂತ್ಯಭಾಗದಲ್ಲಿ ಒಂದುಗೂಡುತ್ತವೆ. 1949ರಲ್ಲಿ ಈಯೋಲಿಯನ್ ತಂತೀವಾದ್ಯ ವೃಂದದೊಡನೆ ಮೆಟ್ನರನೇ ಇದನ್ನು ಧ್ವನಿಮುದ್ರಿಸಿದನು. ಮುದ್ರಿತ ಸ್ವರಲಿಪಿ ಹೊರಬಂದುದು 1951ರಲ್ಲಿ ಅವನು ತೀರಿಕೊಂಡ ಮೇಲೆ.

ಈ ಕ್ರಮ ಗಮನಾರ್ಹವಾದುದು. ಸ್ವರಲಿಪಿಯು ಸ್ವರವನ್ನು ನಿರ್ದೇಶಿಸಬಲ್ಲದು. ಗತಿಯ ಸೂಕ್ಷ್ಮ ಏರಿಳಿತವನ್ನೂ ಬೆರಳ ಸ್ಪರ್ಶದ ಭೇದವನ್ನೂ ಪೂರ್ಣವಾಗಿ ಹಿಡಿಯಲಾರದು. ಕೀರ್ತನೆಯ ಸಾಹಿತ್ಯವು ಪುಸ್ತಕದಲ್ಲಿದ್ದರೂ ಪಾಠಾಂತರಕ್ಕಾಗಿ ಗುರುಮುಖವನ್ನು ಆಶ್ರಯಿಸುವ ನಮಗೆ ಇದು ಅಪರಿಚಿತವಲ್ಲ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುತ್ತಿದ್ದ ಅಂದಿನ ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಆದರೂ ಕರ್ತೃವಿನ ಸ್ವಹಸ್ತದ ಕೊನೆಯ ಪಾಠವು ಅವುಗಳಿಂದ ಉಳಿದುಬಂದಿತು.

ಮುಂದೆ 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೀರ್ತನೆಗಳನ್ನು ರಚಿಸಿದವರೆಂದು ಒಡೆಯರು ನಮಗೆ ಪರಿಚಿತರು. ಮೆಟ್ನರನ ವಿಷಯದಲ್ಲಿ ಅವರ ಕೊಡುಗೆ ಬೇರೆ ಬಗೆಯದು: ಅವರು ಹೊಸ ಕೃತಿಯನ್ನು ಬರೆಸಲಿಲ್ಲ, ಇದ್ದ ಕೃತಿಗಳು ಕರ್ತೃವಿನ ಕೈಯಲ್ಲೇ ಉಳಿಯುವಂತೆ ಮಾಡಿದರು. ಕಾಲನಿರ್ಣಯದಿಂದ ಆಶ್ರಯದ ಮಹಿಮೆ ಕುಗ್ಗುವುದಿಲ್ಲ. ಅದರ ನಿಜವಾದ ಸ್ಥಾನವು ಸ್ಪಷ್ಟವಾಗುತ್ತದೆ.