ಮುತ್ತಿನ ದಾರ, ಮುಂಬಯಿ ದಾರಿ: ದೇವದಾಸಿ ನಿಷೇಧ ಕಾಯ್ದೆಯಲ್ಲಿ ಸಾಕ್ಷಿಯ ಪ್ರಶ್ನೆ

1982ರ ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಅಧಿನಿಯಮದ ದಂಡನೆಯ ಪ್ರಕರಣದಲ್ಲಿ ಒಂದು ಪರಂತುಕವಿತ್ತು. ಸಮರ್ಪಣೆ ಮಾಡಿಸಿದವರಿಗೆ ಮೂರು ವರ್ಷದವರೆಗೆ ಸಜೆಯಾದರೆ, ಹೆತ್ತವರು, ಪೋಷಕರು, ಬಂಧುಗಳಿಗೆ ಎರಡರಿಂದ ಐದು ವರ್ಷ. ನ್ಯಾಯವಾಗಿಯೇ ಕಾಣುವ ಈ ಏರ್ಪಾಟೇ ಕಾಯ್ದೆಯ ಬಾಯಿ ಕಟ್ಟಿತು ಎಂಬುದು ನನ್ನ ವಾದ.

ಕೆಂಪು, ಬಿಳಿ ಮಣಿ ಪೋಣಿಸಿದ ದಾರ ಕೊರಳಿಗೆ ಬಿದ್ದರೆ ಹುಡುಗಿಗೆ 'ಮುತ್ತು ಕಟ್ಟಿದರು' ಎನ್ನುತ್ತಾರೆ. ಸವದತ್ತಿ ಯಲ್ಲಮ್ಮನ ಹರಕೆ, ತಲೆಯಲ್ಲಿ ಗಂಟುಗಟ್ಟಿ ಬಂದ ಜಡೆ ಇವು ಹೇಳುವ ಕಾರಣಗಳು. ಒಳಗಿರುವುದು ಮನೆವಾರ್ತೆಯ ಲೆಕ್ಕ. ಗಂಡುಸಂತಾನವಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡವಳು ಮಗನ ಸ್ಥಾನಕ್ಕೆ ಬಂದು ಆಸ್ತಿಗೆ ವಾರಸುದಾರಳಾಗುತ್ತಾಳೆ. ಆದರೆ ಮುತ್ತು ಕಟ್ಟಿಸುವ ಬಹುತೇಕ ದಲಿತ ಕುಟುಂಬಗಳಿಗೆ ಹೊಲವೆಲ್ಲಿಯದು? ಅವಳ ಪಾಲಿಗೆ ಬರುವುದು ಸಾಕುವ ಹೊಣೆ ಮಾತ್ರ. ಮೊದಲೇ ಹೋಗಿರುವ ಅಕ್ಕನೋ ಚಿಕ್ಕಮ್ಮನೋ ಅವಳನ್ನು ಸಾಂಗ್ಲಿಗೋ ಪುಣೆಯ ಬುಧವಾರ ಪೇಠೆಗೋ ಮುಂಬಯಿಯ ಕಾಮಾಟಿಪುರಕ್ಕೋ ಕರೆದೊಯ್ಯುತ್ತಾಳೆ. ಅಲ್ಲಿ ವೇಶ್ಯಾಗೃಹ ನಡೆಸುವ ಘರವಾಲಿ ಕೊಟ್ಟ ಮುಂಗಡ ಊರು ಸೇರುತ್ತದೆ, ಹುಡುಗಿ ಆ ಸಾಲಕ್ಕೆ ದುಡಿಯುತ್ತಾಳೆ. ಹೀಗೆ ಅಪಹರಣದ ಕುರುಹೇ ಇಲ್ಲದ ಸಾಗಣೆಯಲ್ಲಿ ದೂರು ಕೊಡಬೇಕಾದವಳು ಹೆತ್ತವ್ವನ ವಿರುದ್ಧವೇ ನಿಲ್ಲಬೇಕು.

1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಈ ವಿಷಯದಲ್ಲಿ ತುಸು ಜಾಣ. ಅದರ 5ನೇ ಪ್ರಕರಣಕ್ಕೆ ಹೆಣ್ಣಿನ ಒಪ್ಪಿಗೆ ಲೆಕ್ಕಕ್ಕಿಲ್ಲ, ಕರೆದೊಯ್ದದ್ದೇ ಅಪರಾಧ. 17ಎ ಪ್ರಕರಣವಂತೂ ಬಿಡಿಸಿ ತಂದವಳನ್ನು ಪಾಲಕರ ವಶಕ್ಕೆ ಕೊಡುವ ಮುನ್ನ ಅವರ ಯೋಗ್ಯತೆಯನ್ನು ವಿಚಾರಿಸಿ ನೋಡಲು ಮ್ಯಾಜಿಸ್ಟ್ರೇಟರಿಗೆ ಅವಕಾಶ ಕೊಡುತ್ತದೆ. ಮನೆಯೇ ದಾರಿಯ ಮೊದಲ ನಿಲ್ದಾಣವಾಗಿರಬಹುದೆಂಬ ಅರಿವು ಅಲ್ಲಿದೆ. ಆದರೆ ಅದೇ ಕಾಯ್ದೆಯ 8ನೇ ಪ್ರಕರಣ ಗಿರಾಕಿಯನ್ನು ಕರೆದ ಹೆಣ್ಣನ್ನೇ ಆರೋಪಿಯಾಗಿಸುತ್ತದೆ. ನಾಳೆ ಸಾಕ್ಷಿ ಹೇಳಬೇಕಾದವಳು ಇಂದು ಕಟಕಟೆಯಲ್ಲಿ!

1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಮಾಸಾಶನಕ್ಕೂ ಮನೆಗೂ ಈ ಪಟ್ಟಿಯೇ ಆಧಾರವಾಯಿತು. ಆದರೆ ಮುತ್ತು ಕಟ್ಟುವುದನ್ನು ತಡೆಯುವ ಕೆಲಸ ಬೇರೆ ಕಡೆಯಿಂದ ನಡೆಯಿತು. 1997ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರೇ ಕಟ್ಟಿಕೊಂಡ 'ಮಾಸ್', ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಇದಕ್ಕೆ ಉದಾಹರಣೆ. ಯಾವ ಮನೆಯ ಹುಡುಗಿಗೆ ಜಡೆ ಬಂದಿದೆ ಎಂಬುದು ಠಾಣೆಗಿಂತ ಮೊದಲು ಗೊತ್ತಾಗುವುದು ಇಂಥವರಿಗೆ. ಆ ಜಡೆಗೆ ಕತ್ತರಿ ಹಿಡಿಯುವವಳು ಒಂದು ಕಾಲಕ್ಕೆ ತಾನೂ ಮುತ್ತು ಕಟ್ಟಿಸಿಕೊಂಡವಳು. ಯಲ್ಲಮ್ಮ ಮುನಿದಾಳೆಂದು ಅಂಜುವ ತಾಯಿ ಅವಳ ಮಾತನ್ನಾದರೂ ಕೇಳುತ್ತಾಳೆ.