ಕಾಳಿಯ ಕಲ್ಲು, ನಾಯಿಯ ಹೊಟ್ಟೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಿರುವ ಮಂಡ್ಯ ಜಿಲ್ಲೆಯಲ್ಲೇ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಒಂದು ಕಾಲಕ್ಕೆ ನಾಯಿಯೊಂದಕ್ಕೆ ಕಲ್ಲು ನಿಲ್ಲಿಸಿದ್ದರು. ಅದು ಶಕವರ್ಷ 872, ಅಂದರೆ ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಗಂಗ ದೊರೆ ಇಮ್ಮಡಿ ಬೂತುಗ, ತನ್ನ ಬಂಟ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದ್ದನ್ನು ಕೇಳಿಕೊಳ್ಳಲು ಹೇಳಿದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳ್ತೂರಿನ ಬೆಟ್ಟದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಸೆಣಸಿ ಸತ್ತವು.

ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು. ಅದರ ಪೂಜೆಗೆ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದು ಶಾಸನ ಕಟ್ಟು ಹಾಕುತ್ತದೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸತ್ತ ನಾಯಿಗೆ ಇಷ್ಟು ಮರ್ಯಾದೆ. ಹೊಟ್ಟೆ ಕೆಟ್ಟು ಮೂಲೆ ಹಿಡಿದ ನಾಯಿಯ ಪಾಡೇನು? ಹಸುವಿಗೆಂದು ಚಾಲುಕ್ಯ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಕುದುರೆಯ ಬಗ್ಗೆ ಅಭಿನವಚಂದ್ರ ಬರೆದ. ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ನಾಯಿ ಬರುವುದು ಅರಸರ ವಿನೋದವಾಗಿ. ಹಸು ಹಾಲು ಕೊಟ್ಟಿತು, ಕುದುರೆ ದಂಡಿಗೆ ಬೇಕಿತ್ತು. ಓಲೆಗರಿಯ ವೈದ್ಯ ಅವುಗಳ ಕಡೆಗೇ ವಾಲಿತು. 1925ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಸೂರು ಸೀರಮ್ ಸಂಸ್ಥೆಯ ಮೊದಲ ಚಿಂತೆಯೂ ದನಗಳ ದೊಡ್ಡರೋಗವೇ.

ನಾಯಿಯ ಹೊಟ್ಟೆ ಉಳಿದದ್ದು ಅಡುಗೆಮನೆಯ ಪಾಲಿಗೆ. ಮಂಡ್ಯ ಸೀಮೆಯ ನಾಯಿ ಮನೆಯವರ ಮುದ್ದೆಯಲ್ಲೇ ಬೆಳೆದದ್ದು. ಬಾಡೂಟದ ಮಾರನೆಯ ದಿನ ಮೂಳೆ, ಎಣ್ಣೆ, ಮಸಾಲೆ ತಿಂದು ಅದು ಕಕ್ಕುವುದು, ಭೇದಿಯಾಗುವುದು ಹೊಸದಲ್ಲ. ಆಗ ಬೇಕಾದ ಉಪಚಾರವೂ ಸರಳ. ಬೆಳೆದ, ಗಟ್ಟಿಮುಟ್ಟಾದ ನಾಯಿಗೆ ಕೆಲವು ಗಂಟೆ ಊಟ ಬಿಡಿಸಿ, ನೀರನ್ನು ಸ್ವಲ್ಪಸ್ವಲ್ಪವಾಗಿ ಆಗಾಗ ಕೊಡಬೇಕು. ಆಮೇಲೆ ಉಪ್ಪು, ಖಾರ, ಎಣ್ಣೆಯಿಲ್ಲದೆ ಮೆತ್ತಗೆ ಬೇಯಿಸಿದ ಅನ್ನ, ಅದರೊಡನೆ ಮೂಳೆ ತೆಗೆದ ಬೇಯಿಸಿದ ಕೋಳಿ. ಈರುಳ್ಳಿ, ಬೆಳ್ಳುಳ್ಳಿ ಸೋಕಬಾರದು. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷವಾದೀತು.

ಆದರೆ ಮನೆಮದ್ದಿಗೆ ಎಲ್ಲೆಯಿದೆ. 1978ರಲ್ಲಿ ಜಗತ್ತಿನ ಹಲವೆಡೆ ಕಾಣಿಸಿಕೊಂಡ ಪಾರ್ವೊ ವೈರಸ್ ಮರಿಗಳ ಕರುಳನ್ನೇ ಹಾಳುಗೆಡವುತ್ತದೆ. ಮೈಯ ನೀರು ಬತ್ತಿ ಒಂದೆರಡು ದಿನದಲ್ಲೇ ಮರಿ ಸಾಯಬಹುದು. ಆದ್ದರಿಂದ ಮರಿಗೆ ಭೇದಿಯಾದರೆ, ರಕ್ತ ಬಿದ್ದರೆ, ಕುಡಿದ ನೀರೂ ನಿಲ್ಲದಿದ್ದರೆ ಕಾಯದೆ ಪಶು ಆಸ್ಪತ್ರೆಗೆ ಒಯ್ಯಬೇಕು. ಲಸಿಕೆ ಮೊದಲೇ ಆಗಿದ್ದರೆ ಆ ಗಂಡಾಂತರ ಬಹುಪಾಲು ತಪ್ಪುತ್ತದೆ.

ಕಾಳಿ ಹಂದಿಯೊಡನೆ ಕಾದಿ ಸತ್ತು ಚರಿತ್ರೆಗೆ ಸಂದಿತು. ಗಂಜಿ ಕುಡಿಸಿ, ರಾತ್ರಿಯೆಲ್ಲ ಎಚ್ಚರವಿದ್ದು ನಾಯಿಗಳನ್ನು ಉಳಿಸಿಕೊಂಡವರ ಕೆಲಸವನ್ನು ಯಾವ ಕಲ್ಲೂ ಹೇಳುವುದಿಲ್ಲ. ಆದರೂ ತಾನು ಉಣ್ಣುವ ಮುನ್ನ ನಾಯಿಯನ್ನು ನೆನೆಯಬೇಕೆಂಬ ಆತಕೂರಿನ ಕಟ್ಟಳೆಯನ್ನು ಬದುಕಿರುವ ನಾಯಿಗಳ ಮಟ್ಟಿಗೆ ನಡೆಸಿಕೊಂಡು ಬಂದವರು ಅವರೇ.