‘ಡಿಪ್ಲೊಮಾನಾ? ನಮಗೆ ಬಿಎಸ್ಸಿ ಬೇಕು’

ಸ್ವಲ್ಪ ಉದ್ದ ಇದೆ, ಪುರುಸೊತ್ತಲ್ಲಿ ಓದಿ.

ಹೋದ ವಾರ ಜಯನಗರ 4ನೇ ಟಿ ಬ್ಲಾಕಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹತ್ತಿರ ಟೀ ಕುಡೀತಾ ನಿಂತಿದ್ದೆ. ಜೊತೆಗೆ ನಮ್ಮೂರಿನ ಹುಡುಗಿ. ಜಿಎನ್‌ಎಂ ಮುಗಿಸಿ, 20 ಬೆಡ್ಡಿನ ನರ್ಸಿಂಗ್ ಹೋಮ್‌ನಲ್ಲಿ ಎರಡು ವರ್ಷ ರಾತ್ರಿ ಪಾಳಿ ಮಾಡಿದವಳು. ಅವತ್ತು ಬೆಳಗ್ಗೆ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಇಂಟರ್‌ವ್ಯೂಗೆ ಹೋಗಿ ಹತ್ತೇ ನಿಮಿಷಕ್ಕೆ ವಾಪಸ್ ಬಂದಿದ್ದಳು. ‘ಡಿಪ್ಲೊಮಾನಾ? ನಮಗೆ ಬಿಎಸ್ಸಿ ಬೇಕು’ ಅಂದ್ರಂತೆ. ‘ಕ್ಯಾನುಲಾ ಹಾಕೋಕೆ ಬರುತ್ತಾ ಅಂತಾನೂ ಕೇಳ್ಲಿಲ್ಲ ಅಣ್ಣ’ ಅಂದಳು.

ಎದುರಿಗಿದ್ದ ಆ ವಿಶ್ವವಿದ್ಯಾಲಯ ಶುರುವಾಗಿದ್ದು 1996ರ ಜೂನ್‌ನಲ್ಲಿ. ರಾಜ್ಯದ ನೂರಾರು ನರ್ಸಿಂಗ್ ಕಾಲೇಜುಗಳ ಬಿಎಸ್ಸಿ ಪದವಿ ಬರೋದು ಅಲ್ಲಿಂದ. ಜಿಎನ್‌ಎಂ ಪರೀಕ್ಷೆ ನಡೆಸೋದು ಬೇರೆಯದೇ ಡಿಪ್ಲೊಮಾ ಮಂಡಳಿ. ಒಂದೇ ವಾರ್ಡು, ಒಂದೇ ರೋಗಿ, ಆದರೆ ಎರಡು ಬಾಗಿಲು. ಈ ಎರಡು ಬಾಗಿಲು ಹೆಂಗಾಯ್ತು ಅನ್ನೋದನ್ನ ಬರೀಬೇಕು ಅನ್ನಿಸ್ತು.

ಹೊಕ್ಕುಳ ಬಳ್ಳಿ ಕೊಯ್ಯೋದು, ಮಾಸು ಹೂಳೋದು, ಬಾಣಂತಿ ಬಟ್ಟೆ ಒಗೆಯೋದು ಮೈಲಿಗೆ ಅನ್ನಿಸಿಕೊಂಡಿದ್ದ ಕಾಲದಲ್ಲಿ ಆ ಕೆಲಸಕ್ಕೆ ಯಾರೂ ಅರ್ಹತೆ ಕೇಳಲಿಲ್ಲ. ಎಷ್ಟೋ ಊರುಗಳಲ್ಲಿ ಅದನ್ನ ಮಾಡಿದ್ದು ನಮ್ಮ ಹಟ್ಟಿಯ, ಇಲ್ಲಾ ಇತರ ಸೇವಾ ಜಾತಿಗಳ ಹೆಂಗಸರು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆ ಕಲಿತವರಲ್ಲ. ಸಾವಿರಾರು ಹೆರಿಗೆ ಮಾಡಿಸಿದ್ರು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು. 1897ರ ಪ್ಲೇಗಿನಲ್ಲಿ ಪುಣೆಯ ರೋಗಿಗಳ ಆರೈಕೆ ಮಾಡ್ತಾ ಅದೇ ರೋಗಕ್ಕೆ ಬಲಿಯಾದ ಸಾವಿತ್ರಿಬಾಯಿ ಫುಲೆಯವರ ಕೈಯಲ್ಲೂ ನರ್ಸಿಂಗ್ ಸರ್ಟಿಫಿಕೇಟ್ ಇರಲಿಲ್ಲ.

ಆಸ್ಪತ್ರೆ ನರ್ಸಿಂಗ್ ಬಂದಾಗಲೂ ಮೇಲ್ಜಾತಿಯವರು ಹೆಣ್ಣುಮಕ್ಕಳನ್ನ ಕಳಿಸಲಿಲ್ಲ. ಪರಗಂಡಸರ ಮೈ ಮುಟ್ಟೋದು, ಮಲಮೂತ್ರ ತೆಗೆಯೋದು, ರಾತ್ರಿ ಹೊರಗಿರೋದು ಅಂದ್ರೆ ಮರ್ಯಾದಸ್ಥರ ಕೆಲಸ ಅಲ್ಲ ಅಂತ. ಬಂದವರು ಆಂಗ್ಲೋ ಇಂಡಿಯನ್ನರು, ಕ್ರೈಸ್ತರು, ವಿಧವೆಯರು. ಇಂಗ್ಲೆಂಡೂ ಏನು ಸಾಚಾ ಅಲ್ಲ ಬಿಡಿ. ನೈಟಿಂಗೇಲ್ ಹೆಸರಿನ ಲಂಡನ್ ಶಾಲೆ 1860ರಲ್ಲಿ ಶುರುವಾಗಿ ಕೆಲವೇ ವರ್ಷಗಳಲ್ಲಿ ಅಲ್ಲೂ ಎರಡು ಪಂಕ್ತಿ ಆಯ್ತು. ದುಡಿಯುವ ವರ್ಗದ ಹುಡುಗಿಯರು ಒಂದು ಕಡೆ, ಫೀಸು ಕಟ್ಟಿ ಬಂದ ‘ಲೇಡಿ’ಗಳು ಇನ್ನೊಂದು ಕಡೆ. ಮುಂದೆ ಮೇಟ್ರನ್ ಆಗಲಿ ಅಂತ ತಯಾರು ಮಾಡಿದ್ದು ಎರಡನೆಯವರನ್ನ.

ನಮ್ಮಲ್ಲಿ ಮೆಟ್ಟಿಲು ಕಾಗದದ ಮೇಲೆ ಬಂದಿದ್ದು 1946ರಲ್ಲಿ. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಇದ್ದದ್ದು ಸುಮಾರು 7,000 ನರ್ಸ್‌ಗಳು, ಅಂದ್ರೆ 43,000 ಜನಕ್ಕೆ ಒಬ್ಬರು ಅಂತ ಭೋರ್ ಸಮಿತಿ ಲೆಕ್ಕ ಕೊಟ್ಟಿತು. ಮಾಧ್ಯಮಿಕ ಶಾಲೆ ಮುಗಿಸಿದವರಿಗೆ ಕಿರಿಯ ದರ್ಜೆ, ಮೆಟ್ರಿಕ್ ಆದವರಿಗೆ ಹಿರಿಯ ದರ್ಜೆ, ಅದರ ಮೇಲೆ ಪದವಿ ಅಂತ ಶಿಫಾರಸು ಮಾಡಿತು. ಅದೇ ವರ್ಷ ದಿಲ್ಲಿಯಲ್ಲೂ ವೆಲ್ಲೂರಲ್ಲೂ ನರ್ಸಿಂಗ್ ಪದವಿ ಶುರುವಾಯ್ತು. ಮರುವರ್ಷ ನರ್ಸಿಂಗ್ ಕೌನ್ಸಿಲ್ ಕಾಯ್ದೆ. ಎಎನ್‌ಎಂ, ಜಿಎನ್‌ಎಂ, ಬಿಎಸ್ಸಿ ಅನ್ನೋ ಇವತ್ತಿನ ಮೆಟ್ಟಿಲ ಸಾಲು ಅಲ್ಲಿಂದ ಬೆಳೆದಿದ್ದು.

ಈಗ ಅಸಲು ವಿಷಯಕ್ಕೆ ಬರ್ತೀನಿ. ಜಿಎನ್‌ಎಂ ಸೇರೋಕೆ ಪಿಯುಸಿಯಲ್ಲಿ ಆರ್ಟ್ಸ್ ಓದಿದ್ರೂ ನಡೆಯುತ್ತೆ, ಇಂಗ್ಲಿಷ್ ಪಾಸಾಗಿರಬೇಕು. ಬಿಎಸ್ಸಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು. ನಮ್ಮ ಹೋಬಳಿಯ ಸರ್ಕಾರಿ ಪಿಯು ಕಾಲೇಜಲ್ಲಿ ಸೈನ್ಸೇ ಇರಲಿಲ್ಲ. ಸೈನ್ಸ್ ಬೇಕು ಅಂದ್ರೆ ದಿನಾ ಎರಡು ಬಸ್ ಹಿಡಿದು ತಾಲೂಕಿಗೆ ಹೋಗಬೇಕು, ಮೇಲೆ ಟ್ಯೂಷನ್ ಫೀಸು. ಕೂಲಿ ಮಾಡೋ ಅವ್ವ ಏನು ಮಾಡ್ತಾಳೆ? ಆರ್ಟ್ಸಿಗೆ ಸೇರಿಸ್ತಾಳೆ. ಅಂದ್ರೆ ಈ ಹುಡುಗಿ ರಿಜೆಕ್ಟ್ ಆಗಿದ್ದು ಹೋದ ವಾರದ ಇಂಟರ್‌ವ್ಯೂನಲ್ಲಿ ಅಲ್ಲ, 16ನೇ ವಯಸ್ಸಲ್ಲಿ. ಬಿಎಸ್ಸಿ ಸೀಟಲ್ಲಿ ಎಸ್‌ಸಿ ಮೀಸಲಾತಿ ಇದೆ, ಅಂಕದಲ್ಲಿ ರಿಯಾಯಿತಿ ಇದೆ. ಸೈನ್ಸ್ ಕ್ಲಾಸಿನ ಬಾಗಿಲೇ ನೋಡದವಳಿಗೆ ಅವು ಯಾವ ಉಪಯೋಗಕ್ಕೆ?

ಏಮ್ಸ್ ನರ್ಸಿಂಗ್ ಆಫೀಸರ್ ನೇಮಕಾತಿಯ ನಿಯಮ ನೋಡಿ. ಬಿಎಸ್ಸಿ ಆದವರಿಗೆ ಅನುಭವ ಬೇಕಿಲ್ಲ. ಜಿಎನ್‌ಎಂ ಆದವರಿಗೆ ಕನಿಷ್ಠ 50 ಬೆಡ್ಡಿನ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ದೊಡ್ಡ ಆಸ್ಪತ್ರೆ ಡಿಪ್ಲೊಮಾ ಅಂತ ಇವಳನ್ನ ಒಳಗೆ ಬಿಡಲ್ಲ, ದೊಡ್ಡ ಆಸ್ಪತ್ರೆಯ ಅನುಭವ ಇಲ್ದೆ ಏಮ್ಸ್ ಅರ್ಜಿ ತಗೊಳ್ಳಲ್ಲ. 20 ಬೆಡ್ಡಿನ ಆ ಎರಡು ವರ್ಷ ಯಾವ ಲೆಕ್ಕಕ್ಕೂ ಇಲ್ಲ. ಸಂಬಳವಾದ್ರೂ ಸಿಕ್ಕಿತಾ? 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಮಾಡಿದ ಸಮಿತಿ, 50ಕ್ಕಿಂತ ಕಡಿಮೆ ಬೆಡ್ ಇರೋ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000ಕ್ಕಿಂತ ಕಡಿಮೆ ಕೊಡಬಾರದು ಅಂತ ಶಿಫಾರಸು ಮಾಡಿತ್ತು. ಇವಳ ಕೈಗೆ ಬರ್ತಿದ್ದದ್ದು 12,000.

ಹಂಗಂತ ಪದವಿ ಬೇಡ ಅನ್ನೋನು ನಾನಲ್ಲ. ಬಾಬಾಸಾಹೇಬರನ್ನ ಓದಿದವನು ಹಂಗೆ ಹೇಳೋಕೆ ಸಾಧ್ಯನೂ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನ ನೋಡಿ ಲಿಂಡಾ ಏಕೆನ್ ತಂಡ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಪದವೀಧರ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ್ದ ಕಡೆ, ಶಸ್ತ್ರಚಿಕಿತ್ಸೆಯಾದ ರೋಗಿಗಳು ಸಾಯುವ ಸಂಭವ ಸುಮಾರು ಶೇ 5ರಷ್ಟು ಕಡಿಮೆ ಇತ್ತು. ಇದನ್ನ ತಳ್ಳಿಹಾಕೋಕಾಗಲ್ಲ, ಆಸ್ಪತ್ರೆಯಲ್ಲಿ ಮಲಗೋರಲ್ಲಿ ನಮ್ಮ ಜನಾನೂ ಇದಾರೆ. ಆದರೆ ಅದೇ ಅಮೆರಿಕದ ನ್ಯೂಯಾರ್ಕ್ ರಾಜ್ಯ 2017ರಲ್ಲಿ ಏನು ಕಾನೂನು ಮಾಡಿತು ಗೊತ್ತಾ? ಹೊಸ ನರ್ಸ್‌ಗಳು ಲೈಸೆನ್ಸ್ ತಗೊಂಡು ಕೆಲಸಕ್ಕೆ ಸೇರಲಿ, ಹತ್ತು ವರ್ಷದೊಳಗೆ ಪದವಿ ಮುಗಿಸಲಿ ಅಂತ. ಆಗಲೇ ಕೆಲಸದಲ್ಲಿದ್ದ ಹಳಬರಿಗೆ ವಿನಾಯಿತಿ. ಅನ್ನ ಮೊದಲು, ಪದವಿ ಆಮೇಲೆ.

ನಮ್ಮಲ್ಲೂ ದಾರಿ ಇಲ್ಲ ಅಂತಲ್ಲ. ಜಿಎನ್‌ಎಂ ಆದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ಆದರೆ ಅದು ದಿನವಿಡೀ ಕಾಲೇಜು. ಕೆಲಸ ಬಿಡಬೇಕು, ಸಂಬಳ ನಿಲ್ಲುತ್ತೆ. ಕೆಲಸದಲ್ಲಿದ್ದುಕೊಂಡೇ ಓದೋಕೆ ಇಗ್ನೋ ಒಂದು ಕೋರ್ಸ್ ಮಾಡಿತ್ತು, ಅಂಥದ್ದು ಇನ್ನಷ್ಟು ಬೇಕು. 2023ರಲ್ಲಿ ಹಳೇ ಕೌನ್ಸಿಲ್ ಕಾಯ್ದೆ ತೆಗೆದು ರಾಷ್ಟ್ರೀಯ ನರ್ಸಿಂಗ್ ಆಯೋಗದ ಕಾಯ್ದೆ ತಂದ್ರಲ್ಲ, ನಿಯಮಗಳನ್ನ ಬರೆಯೋ ಮೇಜಿನ ಸುತ್ತ ನಮ್ಮವರು ಯಾರಿದಾರೆ ಅಂತ ಕೇಳಬೇಕಾದ ಹೊತ್ತು ಇದು. ಪೋಸ್ಟ್ ಬೇಸಿಕ್‌ಗೆ ಸಂಬಳ ಸಹಿತ ರಜೆ, ಎಸ್‌ಸಿ ಎಸ್‌ಟಿ ಹುಡುಗಿಯರಿಗೆ ಪೂರ್ತಿ ಫೀಸು, ಪ್ರತಿ ಹೋಬಳಿಯ ಸರ್ಕಾರಿ ಪಿಯು ಕಾಲೇಜಿಗೆ ಸೈನ್ಸ್. ಈ ಮೂರನ್ನ ಮನವಿಯಲ್ಲಿ ಬರೆದಿದ್ದೀವಿ.

ಅವತ್ತು ಟೀ ಅಂಗಡಿಯಲ್ಲೇ ಅವಳ ಎರಡು ವರ್ಷದ ಲೆಕ್ಕ ಹಾಕಿದ್ವಿ. ಫೀಸು, ಹಾಸ್ಟೆಲ್, ಊರಿಗೆ ಕಳಿಸೋ ದುಡ್ಡು. ಕೂಡಿಸಿ ನೋಡಿ ಇಬ್ಬರೂ ಸುಮ್ಮನಾದ್ವಿ. ಸಂಜೆ ಅವಳು ಮತ್ತೆ ಅದೇ ನರ್ಸಿಂಗ್ ಹೋಮ್‌ನ ರಾತ್ರಿ ಪಾಳಿಗೆ ಬಸ್ ಹತ್ತಿದಳು. ಮನವಿಗೆ ಸಹಿ ಹಾಕೋ ನರ್ಸ್‌ಗಳು ಇನ್‌ಬಾಕ್ಸಿಗೆ ಬನ್ನಿ, ಹೆಸರು ಗುಟ್ಟಾಗಿರುತ್ತೆ.

ಜೈ ಭೀಮ್.